ಊಜಿ ಕೇಳುವ ಪ್ರಶ್ನೆ

ಮೊದಲು ಗೊತ್ತಾದದ್ದು ದಿನಸಿ ಅಂಗಡಿಯವರಿಗೆ. 2023ರ ಅಕ್ಟೋಬರ್ ತಿಂಗಳ ಬಾಕಿ ತೀರಿಸಲು ಹೋದಾಗ ಅವರು ಲೆಕ್ಕದ ಪುಸ್ತಕ ನೋಡಿ, "ಏನಮ್ಮಾ, ಮನೆಗೆ ನೆಂಟರು ಬಂದಿದ್ದಾರೆಯೇ? ಹನ್ನೊಂದು ಸೋಪು ಹೋಗಿದೆಯಲ್ಲ" ಎಂದರು. ನಮ್ಮದು ಐದು ಜನರ ಮನೆ, ತಿಂಗಳಿಗೆ ಮೂರು ಸೋಪು ತಂದರೆ ಒಂದು ಉಳಿಯುತ್ತಿತ್ತು. ನಾನು "ಹೌದು, ನೆಂಟರು" ಎಂದು ಹೇಳಿ ದುಡ್ಡು ಕೊಟ್ಟು ಬಂದೆ. ಇಲ್ಲದ ನೆಂಟರನ್ನು ಯಾಕೆ ಸೃಷ್ಟಿಸಿದೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಸೋಪು ಎಲ್ಲಿ ಹೋಗುತ್ತಿದೆ ಎಂಬುದು ನನಗೆ ಗೊತ್ತಿತ್ತು, ಅಷ್ಟೇ. ಒಪ್ಪಿಕೊಂಡಿರಲಿಲ್ಲ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರು. ಎರಡು ಎಕರೆ ಹಿಪ್ಪುನೇರಳೆ, ತೋಟದ ಪಕ್ಕದಲ್ಲೇ ಹುಳು ಮನೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಕೈ ತೊಳೆಯುವುದು ಒಳ್ಳೆಯ ಅಭ್ಯಾಸವಷ್ಟೇ ಅಲ್ಲ, ಹೊಟ್ಟೆಪಾಡು. ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ ಇರುತ್ತದೆ, ಕಾಲಿಗೆ ಅದೇ ನೀರಿನಲ್ಲಿ ನೆನೆಸಿದ ಗೋಣಿಚೀಲ ಇರುತ್ತದೆ. ತೊಳೆಯದೆ ಒಳಗೆ ಕಾಲಿಟ್ಟರೆ ನಮ್ಮವರು ಯಾರ ಮುಖವನ್ನೂ ನೋಡುವುದಿಲ್ಲ, ಬೈಯುತ್ತಾರೆ. ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ - ಹುಳುವಿನ ರೋಗಗಳ ಈ ಹೆಸರುಗಳನ್ನು ನಮ್ಮ ಮಕ್ಕಳು ಕಾಗುಣಿತಕ್ಕಿಂತ ಮೊದಲು ಕಲಿಯುತ್ತಾರೆ. ಹಾಗಾಗಿ ಒಂಬತ್ತನೇ ತರಗತಿಗೆ ಬಂದ ಮಗ ದಿನಕ್ಕೆ ನಾಲ್ಕಾರು ಬಾರಿ ಹೆಚ್ಚಿಗೆ ಕೈ ತೊಳೆಯಲು ಶುರು ಮಾಡಿದಾಗ ನಾವು ಹೆದರಲಿಲ್ಲ. ಹೊಗಳಿದೆವು. ನಮ್ಮ ಅತ್ತೆ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನನ್ನ ಮೊಮ್ಮಗನಷ್ಟು ಶುದ್ಧ ಈ ಊರಲ್ಲಿ ಯಾರಿದ್ದಾರೆ" ಎಂದು ಹೇಳಿಕೊಂಡು ಬಂದರು.

ಆ ವರ್ಷ ಆಷಾಢದ ಬೆಳೆ ಕೈಕೊಟ್ಟಿತು. ನೂರು ಮೊಟ್ಟೆ ಹುಳು ತಂದಿದ್ದೆವು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಎನ್ನುತ್ತೇವೆ). ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುಗಳು ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಊದಿಕೊಂಡು, ಮುಟ್ಟಿದರೆ ಬಿಳಿ ರಸ ಸೋರಿಸುತ್ತ ಸಾಯತೊಡಗಿದವು. ಹಾಲುತೊಂಡೆ. ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಸುಣ್ಣ ಹಾಕುವ ಹೊತ್ತಿನಲ್ಲಿ ನಮ್ಮವರು, "ಯಾವನು ಕೈ ತೊಳೆಯದೆ ಒಳಗೆ ಬಂದಿದ್ದು?" ಎಂದು ಕೂಗಿದರು. ಯಾರನ್ನೂ ಗುರಿಯಿಟ್ಟು ಕೇಳಿದ ಮಾತಲ್ಲ ಅದು. ಸಾಲ ಮಾಡಿ ಬೆಳೆ ಕಳೆದುಕೊಂಡ ಮನುಷ್ಯನ ಬಾಯಿಂದ ಬರುವ ಮಾತು. ಹುಡುಗ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನಾನು ನೋಡಿದೆ, ಆದರೆ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಸೊಸೈಟಿಯ ಕಂತು ಓಡುತ್ತಿತ್ತು.

ಅದಾದ ಮೇಲೆ ಅವನು ಹುಳು ಮನೆಗೆ ಕಾಲಿಡಲಿಲ್ಲ. ಕೇಳಿದರೆ ಓದಬೇಕು ಎನ್ನುತ್ತಿದ್ದ. ಬಚ್ಚಲಿಗೆ ಹೋದರೆ ಮುಕ್ಕಾಲು ಗಂಟೆ. ಶಾಲೆಯಿಂದ ಬಂದ ಮೇಲೆ ಸಮವಸ್ತ್ರವನ್ನು ತಾನೇ ಒಗೆಯುವುದು, ಒಗೆದದ್ದನ್ನು ಇನ್ನೊಮ್ಮೆ ಒಗೆಯುವುದು. ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯುವುದು. ತಂಗಿಯ ಪೆನ್ಸಿಲ್ ತಾಗಿದರೆ ಎದ್ದು ಹೋಗಿ ತೊಳೆದುಕೊಳ್ಳುವುದು. ಕೊನೆಗೊಂದು ದಿನ ರಾತ್ರಿ ಊಟಕ್ಕೆ ಚಮಚ ಕೇಳಿದ. ರಾಗಿ ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ತಿನ್ನುವ ಹುಡುಗನನ್ನು ನಮ್ಮ ಊರು ಅದುವರೆಗೆ ನೋಡಿರಲಿಲ್ಲ. ತಂಗಿ ನಕ್ಕಳು. ಅವನು ತಟ್ಟೆ ಬಿಟ್ಟು ಎದ್ದುಹೋದ.

ನೀರಿನ ವಿಷಯ ಬೇರೆಯೇ ಒಂದು ಕಥೆ. ನಂದಿ ಬೆಟ್ಟದ ಸುತ್ತ ಹಲವು ನದಿಗಳು ಹುಟ್ಟುತ್ತವೆ ಎಂದು ಮಕ್ಕಳ ಪಾಠದಲ್ಲಿ ಬರೆದಿರುತ್ತಾರೆ. ಹುಟ್ಟಿದ ನದಿಗಳು ಹರಿದದ್ದನ್ನು ನಾನು ಕಂಡದ್ದು ಕಡಿಮೆ. ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿ ಇಲ್ಲದ ನೆಲ ಇದು. ಅಂಥ ಊರಿನಲ್ಲಿ ಒಬ್ಬ ಹುಡುಗ ದಿನಕ್ಕೆ ಎಂಟು ಹತ್ತು ಬಕೆಟ್ ನೀರು ಕೈಗೇ ಸುರಿಯುತ್ತಾನೆ ಎಂದರೆ ಮನೆಯಲ್ಲಿ ಜಗಳವಾಗದೆ ಇರುತ್ತದೆಯೇ? ಇನ್ನೊಂದು ಕಡೆ, ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರಲ್ಲ, ಅದರ ಬಗ್ಗೆ ಅರಳಿಕಟ್ಟೆಯಲ್ಲಿ ದಿನಾ ವಾದ ನಡೆಯುತ್ತದೆ. ಅಂತರ್ಜಲ ಏರಿತು ಎನ್ನುವವರು ಕೆಲವರು, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕೇ ಬೇಕು ಎನ್ನುವವರು ಕೆಲವರು. ದೊಡ್ಡವರು ಮಾತಾಡಿ ಎದ್ದು ಹೋಗುತ್ತಾರೆ. ನನ್ನ ಮಗ ಅದನ್ನು ಮನೆಗೆ ತಂದ. ಕೊಳವೆ ಬಾವಿಯ ನೀರಿನಲ್ಲಿ ಕೊಳಚೆ ಸೇರಿದ್ದರೆ, ಆ ನೀರಿನಲ್ಲಿ ತೊಳೆದ ಕೈಯೂ ಕೊಳೆ. ಹಾಗಿದ್ದರೆ ಯಾವುದರಿಂದ ತೊಳೆಯಬೇಕು?

ಆಮೇಲೆ ಪ್ರಶ್ನೆಗಳು ಬಂದವು. "ಅಮ್ಮ, ನಾನು ಹುಳು ಮನೆಯ ಗೋಡೆ ಮುಟ್ಟಿದೆ, ಹುಳುಗಳಿಗೆ ಏನೂ ಆಗುವುದಿಲ್ಲ ಅಲ್ಲವೇ?" ಏನೂ ಆಗುವುದಿಲ್ಲ. "ಖಂಡಿತವೇ?" ಖಂಡಿತ. "ನೀನು ಸುಮ್ಮನೆ ಹೇಳುತ್ತಿದ್ದೀಯ." ಇಲ್ಲಪ್ಪ, ನಿಜವಾಗಿಯೂ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ನಾನು ಉತ್ತರ ಕೊಟ್ಟು ಸುಸ್ತಾದರೆ ಅಜ್ಜಿಯ ಹತ್ತಿರ ಹೋಗುತ್ತಿದ್ದ. ನಮ್ಮ ಕಡೆ ಎಷ್ಟೋ ಮನೆಗಳಂತೆ ನಮ್ಮ ಮನೆಯಲ್ಲೂ ಎರಡು ಭಾಷೆ. ಅತ್ತೆ ತೆಲುಗಿನಲ್ಲಿ, "ಏಮೀ ಕಾದು ನಾಯನಾ" ಎಂದು ತಲೆ ಸವರುತ್ತಿದ್ದರು. ಒಂದೇ ಪ್ರಶ್ನೆಗೆ ಎರಡು ಭಾಷೆಯಲ್ಲಿ ಉತ್ತರ. ಒಂದು ದಿನ ಎಣಿಸಿದೆ: ಬೆಳಿಗ್ಗೆಯಿಂದ ರಾತ್ರಿಯವರೆಗೆ ಅರವತ್ತೆರಡು ಸಲ ಕೇಳಿದ್ದ. ಅದರಲ್ಲಿ ಅತ್ತೆಯ ಪಾಲು ಸೇರಿಲ್ಲ.

ನಾವು ಏನೇನು ಮಾಡಿದೆವು ಎಂದು ಹೇಳಲು ನಾಚಿಕೆಯಿಲ್ಲ. ದಸರೆ ಕಳೆದ ಮೇಲೆ ಅತ್ತೆ ತಡೆ ಒಡೆಸಿದರು. ಕೈವಾರಕ್ಕೆ ಹರಕೆ ಹೊತ್ತು, ಹೋಗಿಯೂ ಬಂದೆವು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ, ದಾರಿಯಲ್ಲಿ ಹುಡುಗ ಬಹಳ ದಿನಗಳ ಮೇಲೆ ಸ್ವಲ್ಪ ನಕ್ಕಿದ್ದ. ನಮ್ಮವರು ನಲ್ಲಿಯ ತಿರುಪು ತೆಗೆದಿಟ್ಟರು. ಅವನು ಪಕ್ಕದ ಮನೆಗೆ ಹೋಗಿ ತೊಳೆದು ಬಂದ. ಒಂದು ಸಲ ಹೊಡೆದರು. ನಾನು ತದ್ವಿರುದ್ಧ ದಾರಿ ಹಿಡಿದೆ. ಅವನಿಗೆ ಬೇರೆ ಟವೆಲ್, ಬೇರೆ ಲೋಟ, ಬೇರೆ ಸೋಪು. ಅವನ ತಟ್ಟೆಯನ್ನು ಅವನ ಕಣ್ಣೆದುರೇ ಮೂರು ಸಲ ತೊಳೆದು ಬಡಿಸುವುದು. ಹುಳು ಮನೆಯಿಂದ ಬಂದವರು ಸ್ನಾನ ಮಾಡದೆ ಅವನ ಕೋಣೆಗೆ ಹೋಗಬಾರದು ಎಂಬ ಕಾನೂನನ್ನು ನಾನೇ ಮಾಡಿದೆ. ತಾಯಿಯಾದವಳು ಇಷ್ಟಾದರೂ ಮಾಡಬೇಡವೇ ಎಂದುಕೊಂಡಿದ್ದೆ. ಗಂಡ ಒರಟ, ನಾನು ಅರ್ಥ ಮಾಡಿಕೊಳ್ಳುವವಳು ಎಂಬ ಸಣ್ಣ ಜಂಬವೂ ಇತ್ತು.

ಕೈಯ ಚರ್ಮ ಬಿರಿದು ರಕ್ತ ಬರತೊಡಗಿದಾಗ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಚರ್ಮದ ವೈದ್ಯರಿಗೆ ತೋರಿಸಿದೆವು. ಅದಕ್ಕೂ ಮೊದಲು ತೋರಿಸಿದ್ದ ಒಬ್ಬ ವೈದ್ಯರು ಮುಲಾಮು ಬರೆದುಕೊಟ್ಟು ಕಳಿಸಿದ್ದರು. ಇವರು ಕೈಯನ್ನು ತಿರುಗಿಸಿ ನೋಡಿ, ನಮ್ಮನ್ನು ಹೊರಗೆ ಕೂರಿಸಿ, ಹುಡುಗನೊಬ್ಬನನ್ನೇ ಕೇಳಿದರು: ದಿನಕ್ಕೆ ಎಷ್ಟು ಸಲ ತೊಳೆಯುತ್ತೀಯ? ತೊಳೆಯದಿದ್ದರೆ ಏನಾಗುತ್ತದೆ ಎನ್ನಿಸುತ್ತದೆ? ಹತ್ತು ನಿಮಿಷದ ನಂತರ ನಮ್ಮನ್ನು ಕರೆದು, "ಮುಲಾಮು ಕೊಡುತ್ತೇನೆ, ಆದರೆ ಕಾಯಿಲೆ ಕೈಯಲ್ಲಿಲ್ಲ. ಮನೋವೈದ್ಯರ ಹತ್ತಿರ ಹೋಗಿ. ಇದಕ್ಕೆ ಚಿಕಿತ್ಸೆ ಇದೆ" ಎಂದರು. ನಮ್ಮವರು ಬಸ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ, "ನಮ್ಮ ಹುಡುಗನಿಗೆ ಹುಚ್ಚು ಎನ್ನುತ್ತಾನಾ ಅವನು" ಎಂದರು. ಒಂದು ತಿಂಗಳು ಹಾಗೇ ಕಳೆಯಿತು. ಆ ಒಂದು ತಿಂಗಳನ್ನು ಈಗಲೂ ನನಗೆ ನುಂಗಲಾಗುವುದಿಲ್ಲ.

ಡಿಸೆಂಬರ್‌ನಲ್ಲಿ ಒಂದು ರಾತ್ರಿ, ಹನ್ನೊಂದು ಗಂಟೆ ಇರಬೇಕು, ಬಚ್ಚಲಿನಲ್ಲಿ ನೀರಿನ ಸದ್ದು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಅಳುತ್ತ ತೊಳೆಯುತ್ತಿದ್ದ. "ಸಾಕು ಎಂದು ನನಗೂ ಗೊತ್ತಮ್ಮ. ಬಿಡಲು ಆಗುತ್ತಿಲ್ಲ. ಇದಕ್ಕಿಂತ ನಾನು ಸತ್ತರೆ ಎಲ್ಲರಿಗೂ ನೆಮ್ಮದಿ" ಎಂದ. ಶಾಲೆಯಿಂದ ಬಂದಿದ್ದ ಒಂದು ಚೀಟಿಯಲ್ಲಿ ಟೆಲಿ ಮಾನಸ್ ಸಂಖ್ಯೆ ಇದ್ದದ್ದು ನೆನಪಾಯಿತು: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಅಂಗಳದಲ್ಲಿ ನಿಂತು ಕರೆ ಮಾಡಿದೆ. ಆ ಕಡೆಯಿಂದ ಕನ್ನಡದಲ್ಲಿಯೇ ಒಬ್ಬ ಹೆಣ್ಣುಮಗಳು ಮಾತಾಡಿದರು. ನಾನು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಕೇಳಿ, "ಸಾಯುವ ಯೋಚನೆ ಬರುತ್ತಿದೆಯೇ ಎಂದು ಮಗನನ್ನು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ" ಎಂದರು. ತೋಟದ ಔಷಧಿ, ಮಾತ್ರೆಗಳು, ಮನೆಯಲ್ಲಿ ಅಪಾಯದ ವಸ್ತು ಏನಿದ್ದರೂ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಇವತ್ತು ಅವನ ಪಕ್ಕದಲ್ಲೇ ಮಲಗಿ, ನಾಳೆಯೇ ವೈದ್ಯರ ಹತ್ತಿರ ಹೋಗಿ ಎಂದರು. ಕೇಳಿದೆ. ಯೋಚನೆ ಬರುತ್ತದೆ, ಮಾಡಿಕೊಳ್ಳುವ ಧೈರ್ಯ ಇಲ್ಲ, ಸುಸ್ತಾಗಿದೆ ಎಂದ. ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನಮ್ಮವರು ಟಾರ್ಚ್ ಹಿಡಿದು ಹುಳು ಮನೆಯ ಪಕ್ಕದ ಕೊಠಡಿಗೆ ಹೋಗಿ ಬೀಗ ಹಾಕಿ ಬಂದರು. ಹುಚ್ಚು ಎಂಬ ಪದವನ್ನು ಆ ರಾತ್ರಿಯ ನಂತರ ಅವರ ಬಾಯಲ್ಲಿ ನಾನು ಕೇಳಿಲ್ಲ.

ಮರುದಿನ ಮಂಗಳವಾರವಾಗಿದ್ದದ್ದು ನಮ್ಮ ಪುಣ್ಯ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯದವರು ಯಾರಾದರೂ ಸಿಕ್ಕಾರೆಂದು ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ. ಸಿಕ್ಕೇ ಸಿಕ್ಕರು, ನಮ್ಮ ಊರಿನವರೇ, ತಮ್ಮ ತಾಯಿಗೆ ಮಾತ್ರೆ ತೆಗೆದುಕೊಳ್ಳಲು ಬಂದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, "ಸೊಪ್ಪು ಹೇಗಿದೆ" ಎಂದು ಮಾತಾಡಿಕೊಂಡೆವು. ವೈದ್ಯರು ರಕ್ತ ಪರೀಕ್ಷೆ, ಥೈರಾಯ್ಡ್ ಎಲ್ಲ ಮಾಡಿಸಿ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಬರೆದುಕೊಟ್ಟರು.

2024ರ ಜನವರಿಯಲ್ಲಿ, ಕತ್ತಲಿರುವಾಗಲೇ ಎದ್ದು, ಬುತ್ತಿ ಕಟ್ಟಿಕೊಂಡು ಹೋದೆವು. ಹೋಗುವವರಿಗೆ ಒಂದು ಮಾತು: ಇಡೀ ದಿನ ಬೇಕಾಗುತ್ತದೆ ಎಂದುಕೊಂಡೇ ಹೋಗಿ. ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಮಗು ಏನು ಮಾಡುತ್ತದೆ, ದಿನಕ್ಕೆ ಎಷ್ಟು ಹೊತ್ತು, ಯಾವಾಗಿನಿಂದ ಎಂದು ಬರೆದುಕೊಂಡು ಹೋಗಿ, ಅಲ್ಲಿ ಕುಳಿತಾಗ ನೆನಪು ಕೈಕೊಡುತ್ತದೆ. ಎಳೆಯ ವೈದ್ಯೆಯೊಬ್ಬರು ಮೊದಲು ನಮ್ಮನ್ನು, ಆಮೇಲೆ ಅವನನ್ನು, ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದು ಗಂಟೆಗೂ ಹೆಚ್ಚು ಕೇಳಿದರು. ಹತ್ತು ಪ್ರಶ್ನೆಗಳ ಒಂದು ಅಳತೆ ಇದೆ, ನಲವತ್ತಕ್ಕೆ ಅಂಕ. ನನ್ನ ಮಗನಿಗೆ ಇಪ್ಪತ್ತೇಳು ಬಂತು. ಇಂಥ ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದರೆ ಅಳಬೇಕು. ತೀವ್ರವಾದದ್ದು ಎಂದರು. ಹೆಸರು ಗೀಳು ಮನೋರೋಗ, ಒಸಿಡಿ.

ಅವರು ಬಿಡಿಸಿ ಹೇಳಿದ್ದು ಹೀಗೆ. ಬೇಡದ ಯೋಚನೆಯೊಂದು ತಾನಾಗಿ ನುಗ್ಗುತ್ತದೆ, ಅದು ಗೀಳು. ಅದರಿಂದ ಎದೆ ಹಿಂಡುವ ಆತಂಕ. ಆತಂಕ ಇಳಿಸಲು ತೊಳೆಯುವುದು, ಕೇಳುವುದು, ಎಣಿಸುವುದು. ಮಾಡಿದಾಗ ಒಂದು ಗಳಿಗೆ ಹಾಯೆನಿಸುತ್ತದೆ. ಮಿದುಳು ಆಗ ಕಲಿಯುವುದೇನು? ತೊಳೆದದ್ದರಿಂದಲೇ ಉಳಿದೆ ಎಂದು. ಮುಂದಿನ ಸಲ ಇನ್ನೂ ಜೋರಾಗಿ ಕೇಳುತ್ತದೆ. ತೊಳೆಯದೆ ಕುಳಿತರೂ ಆತಂಕ ಏರಿ, ನಿಂತು, ತಾನಾಗಿಯೇ ಇಳಿಯುತ್ತದೆ, ಆದರೆ ಇಳಿಯುವವರೆಗೆ ಕಾಯುವ ಅವಕಾಶವನ್ನೇ ಅವನಿಗೆ ಯಾರೂ ಕೊಟ್ಟಿಲ್ಲ.

"ಯಾರೂ ಎಂದರೆ?" ಎಂದೆ.

"ನೀವು ತಟ್ಟೆಯನ್ನು ಮೂರು ಸಲ ತೊಳೆಯುತ್ತೀರಲ್ಲ ಅಮ್ಮ, ಅದು ನಿಮ್ಮ ಮಗನಿಗಾಗಿ ಅಲ್ಲ. ಅವನ ಕಾಯಿಲೆಗೆ ಊಟ ಹಾಕುತ್ತಿದ್ದೀರಿ" ಎಂದರು. ದನಿಯಲ್ಲಿ ದೂರು ಇರಲಿಲ್ಲ. ಹೆಚ್ಚಿನ ತಾಯಂದಿರು ಮಾಡುವುದು ಇದನ್ನೇ ಎಂದೂ ಸೇರಿಸಿದರು. ಆದರೂ ಆ ಮಾತು ಕೇಳಿ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಹೊಡೆದ ಅಪ್ಪನಿಗೆ ಏನೂ ಹೇಳಲಿಲ್ಲ, ಆರೈಕೆ ಮಾಡಿದ ನನಗೆ ಹೇಳಿದರು ಎಂದು. (ಅಪ್ಪನಿಗೂ ಹೇಳಿದ್ದರು, ನನಗೆ ಆಗ ಕೇಳಿಸಿರಲಿಲ್ಲ.) ಆಷಾಢದ ಬೆಳೆಯ ದಿನ ತಾನು ಕೂಗಿದ್ದರಿಂದಲೇ ಹೀಗಾಯಿತೇ ಎಂದು ನಮ್ಮವರು ನೆಲ ನೋಡುತ್ತ ಕೇಳಿದರು. ಇಲ್ಲ, ಒಂದು ಮಾತಿನಿಂದ ಬರುವ ಕಾಯಿಲೆ ಇದಲ್ಲ, ಇದು ಒಳಗೆ ಮೊದಲೇ ತಯಾರಾಗಿರುತ್ತದೆ, ಉಡುಗೆಯನ್ನು ಮಾತ್ರ ಸುತ್ತಲಿನಿಂದ ಆರಿಸಿಕೊಳ್ಳುತ್ತದೆ ಎಂದರು. ರೇಷ್ಮೆ ಇಲ್ಲದ ಮನೆಯಲ್ಲಿ ಹುಟ್ಟಿದ್ದರೆ ಬೇರೆ ಯಾವುದಕ್ಕೋ ಹೆದರುತ್ತಿದ್ದ.

ಸರ್ಟ್ರಾಲಿನ್ ಎಂಬ ಮಾತ್ರೆ 25 ಮಿಲಿಗ್ರಾಂನಿಂದ ಶುರುವಾಯಿತು, ನಿಧಾನವಾಗಿ ಏರಿಸಿದರು. ಗೀಳಿಗೆ ಗುಣ ಕಾಣಲು ಹತ್ತು ಹನ್ನೆರಡು ವಾರವೂ ಬೇಕಾಗಬಹುದು, ಅವಸರದಲ್ಲಿ ನಿಲ್ಲಿಸಬೇಡಿ ಎಂದು ಮೊದಲೇ ಹೇಳಿದ್ದರು. ಮೊದಲ ವಾರಗಳಲ್ಲಿ ಚಡಪಡಿಕೆ, ಸಿಡುಕು, ಸಾಯುವ ಮಾತು ಹೆಚ್ಚಾದರೆ ತಕ್ಷಣ ತಿಳಿಸಿ ಎಂದು ಎರಡು ಸಲ ಹೇಳಿದರು. ಹುಡುಗನಿಗೆ ಹೊಟ್ಟೆ ತೊಳಸಿತು, ನಿದ್ದೆ ಕೆಟ್ಟಿತು, ಎರಡು ವಾರದಲ್ಲಿ ಸರಿಹೋಯಿತು. ಮಾತ್ರೆ ಕೊಟ್ಟರೆ ದಡ್ಡನಾಗುತ್ತಾನೆ ಎಂದು ನನ್ನ ಅಣ್ಣ ಫೋನಿನಲ್ಲಿ ಹೇಳಿದ. ಫೋನ್ ಇಟ್ಟೆ.

ನಿಜವಾದ ಕೆಲಸ ಮಾತ್ರೆಯ ಪಕ್ಕದಲ್ಲಿ ನಡೆಯಿತು. ಮನಶ್ಶಾಸ್ತ್ರಜ್ಞೆ ಮೇಡಂ ಮೊದಲ ದಿನ ಮಗನಿಗೆ ಹೇಳಿದ್ದು, ಈ ಕಾಯಿಲೆ ನೀನಲ್ಲ, ಅದಕ್ಕೊಂದು ಹೆಸರಿಡು ಎಂದು. ಅವನು ಯೋಚಿಸಿ, "ಊಜಿ" ಎಂದ. ಮೇಡಂಗೆ ಅರ್ಥವಾಗಲಿಲ್ಲ. ಊಜಿ ಒಂದು ನೊಣ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಹುಳುವಿನ ಮೈಯಲ್ಲಿ ಒಂದು ಕಪ್ಪು ಚುಕ್ಕೆ ಬಿಟ್ಟರೆ ಹೊರಗೇನೂ ಕಾಣುವುದಿಲ್ಲ. ಮರಿ ಒಳಗೊಳಗೇ ತಿಂದು ಬೆಳೆಯುತ್ತದೆ. ಅದಕ್ಕಾಗಿಯೇ ನಾವು ಹುಳು ಮನೆಯ ಕಿಟಕಿ ಬಾಗಿಲಿಗೆಲ್ಲ ಬಲೆ ಕಟ್ಟುವುದು. ಇದನ್ನು ಅವನು ಮೇಡಂಗೆ ವಿವರಿಸಿದ. ಐದಾರು ತಿಂಗಳಲ್ಲಿ ಅವನು ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು.

ಆಮೇಲೆ ಒಂದು ಏಣಿ ಮಾಡಿಸಿದರು. ಭಯ ಕಡಿಮೆ ಇರುವುದು ಕೆಳಗಿನ ಮೆಟ್ಟಿಲು, ಹೆಚ್ಚಿರುವುದು ಮೇಲೆ. ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಅವನೇ ಅಂಕ ಕೊಡಬೇಕು. ಬೀದಿ ಬಾಗಿಲಿನ ಚಿಲಕ ಮುಟ್ಟಿ ಹತ್ತು ನಿಮಿಷ ತೊಳೆಯದಿರುವುದಕ್ಕೆ ಮೂವತ್ತು. ತಂಗಿಯ ಪೆನ್ಸಿಲ್ ಹಿಡಿದು ಬರೆಯುವುದಕ್ಕೆ ನಲವತ್ತು. ಒಂದೇ ಸಲ ಕೈ ತೊಳೆದು ಕೈಯಿಂದಲೇ ಮುದ್ದೆ ತಿನ್ನುವುದಕ್ಕೆ ಅರವತ್ತು. ಕೆರೆಯ ನೀರಿಗೆ ಕೈ ಅದ್ದುವುದು ಎಂಬತ್ತೈದು. ಹುಳು ಮನೆಗೆ ಹೋಗಿ ಹುಳು ಮುಟ್ಟುವುದಕ್ಕೆ ನೂರು. ನನಗೆ ಕೊನೆಯದರ ಬಗ್ಗೆಯೇ ದಿಗಿಲು. ನಮ್ಮ ಕಸುಬಿನಲ್ಲಿ ತೊಳೆಯದೆ ಹೋಗುವಂತಿಲ್ಲವಲ್ಲ ಮೇಡಂ ಎಂದೆ. ಅವರು, "ಊರಿನ ಬೇರೆ ಹುಡುಗರು ಮಾಡದ್ದನ್ನು ಇವನಿಂದ ಮಾಡಿಸುವುದಿಲ್ಲ. ಹುಳು ಮನೆಗೆ ಹೋಗುವವರಿಗೆ ನಿಮ್ಮಲ್ಲಿ ನಿಯಮ ಏನು?" ಎಂದು ನಮ್ಮವರನ್ನು ಕೇಳಿದರು. ಬಕೆಟ್‌ನಲ್ಲಿ ಒಂದು ಸಲ ಅದ್ದಿ ಉಜ್ಜಿದರೆ ಮುಗಿಯಿತು ಎಂದರು ಇವರು. "ಹಾಗಾದರೆ ಇವನಿಗೂ ಒಂದು ಸಲ. ಎರಡನೆಯ ಸಲ ಊಜಿಯದು."

ನಮಗೆ ಕೊಟ್ಟ ಪಾಠ ಉತ್ತರ ಕೊಡದಿರುವುದು. ಒಮ್ಮೆಲೇ ಅಲ್ಲ, ಅವನಿಗೆ ತಿಳಿಸಿ, ಅವನನ್ನು ಒಪ್ಪಿಸಿ. ಮೊದಲ ವಾರ ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಆಮೇಲೆ ಅದೂ ಇಲ್ಲ. ಹೇಳಬೇಕಾದ ಮಾತನ್ನೂ ಬರೆದುಕೊಟ್ಟಿದ್ದರು: "ಇದು ಊಜಿಯ ಪ್ರಶ್ನೆ. ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು. ಇಲ್ಲೇ ಇದ್ದೇನೆ." ಕೇಳಲು ಸುಲಭ. ಹದಿನಾಲ್ಕು ವರ್ಷದ ಹುಡುಗ ಮೊಣಕಾಲು ಅಪ್ಪಿಕೊಂಡು ನಡುಗುತ್ತ, "ಒಂದೇ ಒಂದು ಸಲ ಹೇಳಮ್ಮ, ಇನ್ನು ಕೇಳುವುದಿಲ್ಲ" ಎನ್ನುವಾಗ, ಹೇಳಿದರೆ ಎರಡು ಸೆಕೆಂಡಿನಲ್ಲಿ ಅವನ ಮುಖ ತಿಳಿಯಾಗುತ್ತದೆ ಎಂದು ಗೊತ್ತಿದ್ದೂ ಸುಮ್ಮನೆ ಕೂರುವುದು ಎಂಥದ್ದು ಎಂದು ನಾನು ಬರೆದು ತಿಳಿಸಲಾರೆ. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ಹಾಕುವುದಿಲ್ಲ ನಾವು. ತಲೆ ಎತ್ತಿಕೊಂಡು ಅಲುಗಾಡದೆ ಕುಳಿತಿರುತ್ತವೆ, ಪೊರೆ ಬಿಡುವವರೆಗೆ ಮುಟ್ಟಬಾರದು. ಹೊಸದಾಗಿ ಮದುವೆಯಾಗಿ ಬಂದಾಗ, ಪಾಪ ಹಸಿದಿರುತ್ತವೆ ಎಂದು ಹಾಕಲು ಹೋಗಿ ಅತ್ತೆಯಿಂದ ಬೈಸಿಕೊಂಡಿದ್ದೆ. ಬೈದ ಅತ್ತೆಯೇ ಈಗ ಮೊಮ್ಮಗನಿಗೆ ಕದ್ದು ಸೊಪ್ಪು ಹಾಕುತ್ತಿದ್ದರು.

ಅತ್ತೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ನಾನು ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಕುಳಿತರೆ ಹಿತ್ತಲಿನಿಂದ ಮೆಲ್ಲಗೆ, "ಏಮೀ ಕಾದು ನಾಯನಾ" ಕೇಳಿಸುತ್ತಿತ್ತು. ಮೂರು ವಾರದ ಶ್ರಮ ಒಂದು ಮಾತಿಗೆ ಹೋಗುತ್ತಿತ್ತು. ನಾನು ರೇಗಿದೆ, ಅವರು ಊಟ ಬಿಟ್ಟರು. "ಮಗು ಕೇಳಿದರೆ ಉತ್ತರ ಕೊಡಬಾರದು ಎಂದು ಯಾವ ಶಾಸ್ತ್ರದಲ್ಲಿದೆ" ಎಂದರು. ಕೊನೆಗೆ ಮುಂದಿನ ಭೇಟಿಗೆ ಅವರನ್ನೇ ಕರೆದುಕೊಂಡು ಹೋದೆವು. ಮೇಡಂ ಅವರ ಎದುರಿಗೇ ಹುಡುಗನಿಂದ ಮೇಜಿನ ಅಡಿಭಾಗ ಮುಟ್ಟಿಸಿ, ಕೈ ತೊಳೆಯದೆ ಕೂರಿಸಿದರು. ಹೇಳು, ಈಗ ಭಯ ಎಷ್ಟು? ಎಂಬತ್ತು. ಐದು ನಿಮಿಷ ಬಿಟ್ಟು, ಈಗ? ಎಂಬತ್ತೈದು. ಅತ್ತೆ ಸೆರಗಿನ ಅಂಚು ತಿರುಚುತ್ತಿದ್ದರು. ಈಗ? ಎಪ್ಪತ್ತು. ಯಾರೂ ಏನೂ ಮಾಡಲಿಲ್ಲ. ನಲವತ್ತು ನಿಮಿಷಕ್ಕೆ ಮೂವತ್ತಕ್ಕೆ ಇಳಿದಿತ್ತು. ಹೊರಗೆ ಬಂದ ಮೇಲೆ ಅತ್ತೆ ಮೊಮ್ಮಗನ ತೊಳೆಯದ ಕೈಯನ್ನು ಹಿಡಿದುಕೊಂಡು ಬಸ್ ನಿಲ್ದಾಣದವರೆಗೆ ನಡೆದರು. ಆ ಕೈಯನ್ನು ಅವನು ಬಿಡಿಸಿಕೊಳ್ಳಲಿಲ್ಲ.

ಪ್ರತಿ ವಾರ ಬೆಂಗಳೂರಿಗೆ ಹೋಗಿಬರಲು ಆಗುತ್ತಿರಲಿಲ್ಲ. ಒಂದು ವಾರ ಹೋದರೆ ಒಂದು ವಾರ ಮೊಬೈಲ್‌ನಲ್ಲಿ ವಿಡಿಯೊ ಮೂಲಕ. ಶಾಲೆಯಲ್ಲಿ ತರಗತಿಯ ಮೇಷ್ಟರಿಗೆ ಮಾತ್ರ ವಿಷಯ ತಿಳಿಸಿದೆವು. ಅವರು ಹೆಚ್ಚೇನೂ ಕೇಳದೆ ಅವನನ್ನು ನಲ್ಲಿಯಿಂದ ದೂರದ ಬೆಂಚಿಗೆ ಬದಲಾಯಿಸಿದರು, ಬಿಡುವಿನಲ್ಲಿ ಒಂದೇ ಸಲ ಎಂದು ಅವನೊಂದಿಗೇ ಒಪ್ಪಂದ ಮಾಡಿಕೊಂಡರು. ಆ ಉಪಕಾರ ಸಣ್ಣದಲ್ಲ. ಮಗಳ ಬಗ್ಗೆ ಇಲ್ಲಿ ಒಂದೆರಡು ಸಾಲು ಬಿಟ್ಟರೆ ಏನೂ ಬರೆಯಲಿಲ್ಲ ನಾನು. ಆ ವರ್ಷ ನಡೆದದ್ದೂ ಹಾಗೆಯೇ. ಐದನೇ ತರಗತಿಯ ಹುಡುಗಿ ತಾನೇ ಜಡೆ ಹಾಕಿಕೊಳ್ಳಲು ಯಾವಾಗ ಕಲಿತಳೋ ನನಗೆ ನೆನಪಿಲ್ಲ.

ಏಪ್ರಿಲ್ ಹೊತ್ತಿಗೆ ಅಂಕ ಹದಿನೆಂಟಕ್ಕೆ ಇಳಿದಿತ್ತು. ಮುದ್ದೆಗೆ ಕೈ ಹಾಕಿದ ದಿನ ನಮ್ಮವರು ಏನೂ ಗಮನಿಸದವರ ಹಾಗೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಹಾಗೆ ಇರಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಶ್ರಾವಣದಲ್ಲಿ ಹುಳು ಹಣ್ಣಾದಾಗ ಆಳುಗಳು ಸಾಲದೆ, ಗೂಡು ಕಟ್ಟುವ ಚಂದ್ರಿಕೆಗೆ ಹುಳು ಬಿಡುವ ಅವಸರದಲ್ಲಿ ಅವರು ಹಿಂದೆ ತಿರುಗಿಯೂ ನೋಡದೆ, "ಕೈ ಅದ್ದಿಕೊಂಡು ಬಾ" ಎಂದು ಕೂಗಿದರು. ಅವನು ಬಕೆಟ್ ಮುಂದೆ ಬಹಳ ಹೊತ್ತು ನಿಂತ. ಒಂದು ಸಲ ಅದ್ದಿದ. ಕೈ ಮತ್ತೆ ನೀರಿನ ಕಡೆಗೆ ಹೋಯಿತು, ತಡೆಯಿತು. ಒಳಗೆ ಹೋದ. ಆ ಬೆಳೆ ಚೆನ್ನಾಗಿ ಬಂತು. ಅದು ಚೆನ್ನಾಗಿ ಬಂದದ್ದು ನನಗೆ ಸ್ವಲ್ಪ ಕಸಿವಿಸಿಯನ್ನೂ ಉಂಟುಮಾಡಿತು. ಕೆಟ್ಟಿದ್ದರೂ ಅವನು ತಡೆದುಕೊಳ್ಳುವಂತಾಗಬೇಕಲ್ಲ? ಮುಂದಿನ ಚಳಿಗಾಲದ ಬೆಳೆಯಲ್ಲಿ ಅರ್ಧದಷ್ಟು ಸುಣ್ಣಕಟ್ಟಿಗೆ ಹೋಯಿತು. ಎರಡು ದಿನ ಸಪ್ಪಗಿದ್ದ, ಮೂರನೇ ದಿನ ಅಪ್ಪನ ಜೊತೆ ಗುಂಡಿ ತೋಡಿದ.

ಇಳಿದದ್ದು ಇಳಿದೇ ಇರುತ್ತದೆ ಎಂದುಕೊಂಡಿದ್ದು ನಮ್ಮ ತಪ್ಪು. 2025ರ ಫೆಬ್ರುವರಿಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಊಜಿ ಬೇರೆ ಬಲೆಯ ತೂತಿನಿಂದ ಬಂತು. ಈ ಸಲ ಕೈಯಲ್ಲ, ಬರವಣಿಗೆ. ಬರೆದ ಸಾಲನ್ನು ಹೊಡೆದು ಮತ್ತೆ ಬರೆಯುವುದು, ಅಂಕಿ ಸರಿಯಾಗಿ ಕಂಡಿತೇ ಎಂದು ಹತ್ತು ಸಲ ನೋಡುವುದು. ಗಣಿತದ ಪತ್ರಿಕೆಯಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದೆಲ್ಲ ಪಾಸಾಗಿ ಗಣಿತ ಒಂದು ಉಳಿಯಿತು. ಆ ವರ್ಷ ಮೂರು ಪರೀಕ್ಷೆ ಇದ್ದದ್ದು ಇಂಥ ಮಕ್ಕಳಿಗೆ ಎಷ್ಟು ಉಸಿರು ಕೊಡುತ್ತದೆ ಎಂದು ನಿಯಮ ಮಾಡಿದವರು ಯೋಚಿಸಿದ್ದರೋ ಇಲ್ಲವೋ, ನಾನಂತೂ ಮನಸ್ಸಿನಲ್ಲೇ ಕೈಮುಗಿದೆ. ಮಾತ್ರೆ ಸ್ವಲ್ಪ ಏರಿಸಿದರು, ಹೊಡೆದು ಬರೆಯದೆ ಮುಂದಕ್ಕೆ ಹೋಗುವ ಹೊಸ ಏಣಿಯನ್ನು ಮೇಡಂ ಮಾಡಿಸಿದರು. ಮೇ ಕೊನೆಯಲ್ಲಿ ಪರೀಕ್ಷೆ-2 ಬರೆದ. ಐವತ್ತೊಂದು ಅಂಕ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು.

ಈಗ ಚಿಕ್ಕಬಳ್ಳಾಪುರದಲ್ಲಿ ಮೊದಲ ಪಿಯುಸಿ. ಬಸ್‌ನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಾನೆ. ಮಾತ್ರೆ ಇದೆ, ಇನ್ನೂ ಕೆಲವು ಕಾಲ ಇರಲಿ ಎಂದಿದ್ದಾರೆ. ಕಳೆದ ಭೇಟಿಯಲ್ಲಿ ಅಂಕ ಹತ್ತು ಬಂತು. ಅಂಗಡಿಯ ಲೆಕ್ಕದಲ್ಲಿ ಸೋಪು ನಾಲ್ಕಕ್ಕೆ ಬಂದು ನಿಂತಿದೆ. ಮೂರಕ್ಕೆ ಇಳಿದಿಲ್ಲ.

ಮೊನ್ನೆ ನಾಲ್ಕನೇ ಜ್ವರ ಎದ್ದು, ದಿನಕ್ಕೆ ಮೂರು ಹೊತ್ತು ಸೊಪ್ಪು ಕೊಯ್ದು ಹಾಕಿ ನನ್ನ ಸೊಂಟ ಬಿದ್ದುಹೋಗಿತ್ತು. ರಾತ್ರಿ ಮಲಗುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಅಮ್ಮ, ನಾನು ಹುಳು ಮನೆಯ ಬಲೆ ಸರಿಯಾಗಿ ಎಳೆದು ಬಂದೆ ಅಲ್ಲವೇ?" ಎಂದ. ಕಣ್ಣು ಮುಚ್ಚಿಕೊಂಡೇ, "ಎಳೆದಿದ್ದೀಯ, ಏನೂ ಆಗುವುದಿಲ್ಲ, ಮಲಗು" ಎಂದುಬಿಟ್ಟೆ.

ಅವನು ಅಲ್ಲೇ ನಿಂತಿದ್ದ.

"ಅಮ್ಮ, ಉತ್ತರ ಕೊಟ್ಟೆ" ಎಂದ.